ಬ್ಯಾಟರಿ ಹೊಸದು, ಆದರೂ ಬಿಸಿ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ: ಆಲ್ಟರ್ನೇಟರ್ ಬದಲಿಸಬೇಕೇ?

ಪ್ರಶ್ನೆ: ನಾನು ಜಯನಗರದವನು. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ 2007ರ ಪೋರ್ಷೆ ಬಾಕ್ಸ್‌ಸ್ಟರ್ ತಗೊಂಡೆ. 2.7 ಲೀಟರ್ ಎಂಜಿನ್. ವಾರದ ದಿನ ನಾನು ಮೆಟ್ರೋದಲ್ಲಿ ಓಡಾಡುತ್ತೇನೆ, ಕಾರು ಬೇಸ್‌ಮೆಂಟಿನಲ್ಲಿ ನಿಂತಿರುತ್ತೆ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ ಒಂದು ಸುತ್ತು. ಮನೆಯಿಂದ ಹೊರಡುವಾಗ ಸ್ಟಾರ್ಟ್ ಸಲೀಸು. ದೇವನಹಳ್ಳಿ ಹತ್ತಿರ ತಿಂಡಿಗೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಸ್ಟಾರ್ಟರ್ ಎಳೆದಾಡುತ್ತೆ, ಒಮ್ಮೊಮ್ಮೆ ಟಕ್ ಅಂದು ಸುಮ್ಮನಾಗುತ್ತೆ. ಈಗಾಗಲೇ ಎರಡು ಬ್ಯಾಟರಿ ಬದಲಾಯಿಸಿದ್ದೇನೆ. ಲೈಟರ್ ಸಾಕೆಟ್ಟಿಗೆ ಚುಚ್ಚುವ ವೋಲ್ಟ್‌ಮೀಟರ್ ಓಡಿಸುವಾಗ 13.1 ಆಸುಪಾಸು ತೋರಿಸುತ್ತೆ, ಎಸಿ ಮತ್ತು ಹೆಡ್‌ಲೈಟ್ ಹಾಕಿದರೆ 12.8ಕ್ಕೆ ಇಳಿಯುತ್ತೆ. ಬ್ಯಾಟರಿ ವಾರ್ನಿಂಗ್ ಲೈಟ್ ಒಂದು ದಿನವೂ ಹತ್ತಿಲ್ಲ. ಒಂದು ಗ್ಯಾರೇಜಿನವರು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ತುಂಬಿಸುವ ಯಂತ್ರ) ಹೋಗಿದೆ ಎಂದು ಲಕ್ಷ ದಾಟಿದ ಎಸ್ಟಿಮೇಟ್ ಕೊಟ್ಟಿದ್ದಾರೆ. ಇನ್ನೊಬ್ಬರು ಕಲಾಸಿಪಾಳ್ಯದಲ್ಲಿ ರಿಪೇರಿ ಮಾಡಿಸಿದರೆ ಸಾಕು ಅಂತಾರೆ. ಪಕ್ಕದ ಮನೆ ಅಂಕಲ್, ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ ನೋಡು, ಆಲ್ಟರ್ನೇಟರ್ ಸರಿಯಿದ್ದರೆ ಎಂಜಿನ್ ನಿಲ್ಲಲ್ಲ ಅಂದರು. ಯಾರ ಮಾತು ಕೇಳಲಿ?

ಉತ್ತರ: ಮೊದಲು ಅಂಕಲ್ ಹೇಳಿದ್ದನ್ನು ಮುಗಿಸಿಬಿಡೋಣ, ಯಾಕೆಂದರೆ ನಿಮ್ಮ ಕಾರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಅದರಿಂದಲೇ. ಎಂಜಿನ್ ಓಡುವಾಗ ಟರ್ಮಿನಲ್ ಬಿಚ್ಚಬೇಡಿ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಇದು ನಡೆಯುತ್ತಿತ್ತು, ಆ ಕಾರುಗಳಲ್ಲಿ ಸುಟ್ಟುಹೋಗಲು ಎಲೆಕ್ಟ್ರಾನಿಕ್ಸ್ ಅಂತ ಹೆಚ್ಚೇನೂ ಇರಲಿಲ್ಲ. ಬ್ಯಾಟರಿ ಬರೀ ಕರೆಂಟ್ ಕೂಡಿಡುವುದಿಲ್ಲ, ವೋಲ್ಟೇಜಿನ ಏರಿಳಿತವನ್ನೂ ನುಂಗಿಕೊಳ್ಳುತ್ತದೆ. ಚಾರ್ಜ್ ಆಗುತ್ತಿರುವಾಗಲೇ ಅದನ್ನು ಕಿತ್ತರೆ, ಆಲ್ಟರ್ನೇಟರ್ ಆ ಕ್ಷಣಕ್ಕೆ ತಯಾರಿಸುತ್ತಿದ್ದ ಕರೆಂಟಿಗೆ ಹೋಗಲು ದಾರಿಯಿಲ್ಲದೆ ವೋಲ್ಟೇಜ್ 14ರಿಂದ ಹಲವು ಪಟ್ಟು ಜಿಗಿಯುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಲೋಡ್ ಡಂಪ್ ಅನ್ನುತ್ತೇವೆ. ಎಂಜಿನ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರು), ಏರ್‌ಬ್ಯಾಗ್ ಮಾಡ್ಯೂಲ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆಲ್ಟರ್ನೇಟರಿನದೇ ಡಯೋಡು, ಯಾವುದು ಬೇಕಾದರೂ ಹೋಗಬಹುದು. ಅಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡರೂ ತಿಳಿಯುವುದೇನು? ಎಂಜಿನ್ ನಿಲ್ಲದಿದ್ದರೆ, ಎಂಜಿನ್ ಓಡಿಸುವಷ್ಟು ಕರೆಂಟ್ ಬರುತ್ತಿದೆ ಅಂತಷ್ಟೇ. ಬ್ಯಾಟರಿ ತುಂಬುವಷ್ಟು ಬರುತ್ತಿದೆಯೇ ಅನ್ನುವುದು ಗೊತ್ತಾಗುವುದೇ ಇಲ್ಲ.

ಇನ್ನು ನಿಮ್ಮ ಸಮಸ್ಯೆ. ನೀವು ಕೊಟ್ಟ ವಿವರ ಚೆನ್ನಾಗಿದೆ, ಅದರಲ್ಲೇ ಅರ್ಧ ಉತ್ತರ ಇದೆ. ವಾರವಿಡೀ ನಿಂತ ಕಾರು ಭಾನುವಾರ ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ ಅಂದಮೇಲೆ, ನಿಂತಲ್ಲೇ ಬ್ಯಾಟರಿ ಖಾಲಿ ಮಾಡುವ ಸೋರಿಕೆ ಸದ್ಯಕ್ಕೆ ಮೊದಲ ಅನುಮಾನ ಅಲ್ಲ. ಒಂದು ಗಂಟೆ ಓಡಿಸಿದ ಮೇಲೆ ಬ್ಯಾಟರಿ ಇನ್ನೂ ಚೆನ್ನಾಗಿರಬೇಕಿತ್ತು, ಆದರೆ ಆಗಲೇ ಸ್ಟಾರ್ಟರ್ ಸುಸ್ತಾಗುತ್ತಿದೆ. ಓಡುವಾಗಿನ ವೋಲ್ಟೇಜ್ ಕಡಿಮೆ. ವಾರ್ನಿಂಗ್ ಲೈಟ್ ಮಾತ್ರ ಹತ್ತಿಲ್ಲ. ಇವೆಲ್ಲ ಒಟ್ಟಿಗೆ ಕಂಡರೆ ನಾನು ಆಲ್ಟರ್ನೇಟರಿಗಿಂತ ಮೊದಲು ನೋಡುವುದು ಅದರಿಂದ ಹೊರಡುವ ದಪ್ಪ ಕೇಬಲ್ಲನ್ನು.

ಕಾರಣ ಈ ಗಾಡಿಯ ರಚನೆಯಲ್ಲಿದೆ. ಬಾಕ್ಸ್‌ಸ್ಟರ್‌ನಲ್ಲಿ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಎಂಜಿನ್ ಇರುವುದು ಸೀಟುಗಳ ಬೆನ್ನ ಹಿಂದೆ. ಸ್ವಿಫ್ಟ್, ಐ20ಯಂಥ ಕಾರಿನಲ್ಲಿ ಬ್ಯಾಟರಿಯಿಂದ ಆಲ್ಟರ್ನೇಟರಿಗೆ ಒಂದು ಮಾರು ದೂರವೂ ಇರುವುದಿಲ್ಲ. ನಿಮ್ಮದರಲ್ಲಿ ಕರೆಂಟ್ ಇಡೀ ಕ್ಯಾಬಿನ್ ದಾಟಿ ಹೋಗಬೇಕು, ದಾರಿಯಲ್ಲಿ ಜಾಯಿಂಟ್‌ಗಳೂ ಉಂಟು. ಎಂಜಿನ್ ಪಕ್ಕದಲ್ಲಿ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ಎರಡಕ್ಕೂ ಸೇರಿದ ಒಂದು ಕೇಬಲ್ ತುಂಡಿದೆ. 986, 987 ಸರಣಿಯ ಬಾಕ್ಸ್‌ಸ್ಟರ್‌ಗಳಲ್ಲೂ (ನಿಮ್ಮದು 987) ಅದೇ ಕಾಲದ 996, 997 ಸರಣಿಯ ಪೋರ್ಷೆ 911ಗಳಲ್ಲೂ ಈ ತುಂಡು ಹಳೆಯದಾದಂತೆ ಕೆಡುವುದು ಜಗತ್ತಿನಾದ್ಯಂತ ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಕಾಯಿಲೆ. ಎಂಜಿನ್ನಿನ ಬಿಸಿ, ಮಳೆನೀರಿನ ತೇವ, ಹದಿನೈದಕ್ಕೂ ಹೆಚ್ಚು ವರ್ಷದ ವಯಸ್ಸು ಸೇರಿ, ತುದಿಯ ಲಗ್ (ಬೋಲ್ಟಿಗೆ ಕೂರುವ ಲೋಹದ ಕೊಂಡಿ) ಒತ್ತಿರುವ ಜಾಗದಿಂದ ತುಕ್ಕು ಒಳಕ್ಕೆ ಹತ್ತುತ್ತದೆ. ಹೊರಗಿನ ರಬ್ಬರ್ ಕವಚ ಹೊಸದರಂತೆಯೇ ಕಾಣುತ್ತಿರುತ್ತದೆ. ಬ್ಲೇಡಿನಿಂದ ಸೀಳಿ ನೋಡಿದರೆ ಒಳಗಿನ ತಾಮ್ರ ಹೊಳಪು ಹೋಗಿ ಕಪ್ಪಾಗಿ, ಲಗ್‌ನ ಬುಡದಲ್ಲಿ ಹಸಿರು ಪುಡಿ ಕಟ್ಟಿಕೊಂಡಿರುತ್ತದೆ. ಬೆರಳಲ್ಲಿ ಬಗ್ಗಿಸಿದರೆ ಎಳೆಗಳು ಪುಡಿಪುಡಿಯಾಗಿ ಉದುರುವಷ್ಟು ಹಾಳಾದ ಕೇಬಲ್‌ಗಳನ್ನೂ ಬಿಚ್ಚಿದ್ದೇನೆ.

ಓವರ್‌ಹೆಡ್ ಟ್ಯಾಂಕ್ ತುಂಬಿದ್ದರೂ ಜಿಐ ಪೈಪ್ ಒಳಗೆ ತುಕ್ಕು ಕಟ್ಟಿಕೊಂಡರೆ ಕೆಳಗಿನ ನಲ್ಲಿಯಲ್ಲಿ ನೀರು ಬೆರಳು ಗಾತ್ರಕ್ಕೆ ಇಳಿಯುವುದಿಲ್ಲವೇ, ಅದೇ ಕಥೆ. ಲೆಕ್ಕ ಹಾಕಿ ನೋಡಿ. ಕೇಬಲ್ಲಿನಲ್ಲಿ ಬರೀ 0.01 ಓಮ್ ಪ್ರತಿರೋಧ ಹೆಚ್ಚಾಗಿದೆ ಅಂದುಕೊಳ್ಳಿ. ಎಸಿ ಬ್ಲೋವರ್, ರೇಡಿಯೇಟರ್ ಫ್ಯಾನು, ಹೆಡ್‌ಲೈಟು, ಬ್ಯಾಟರಿ ಚಾರ್ಜಿಂಗ್ ಎಲ್ಲ ಸೇರಿ 80 ಆಂಪ್ ಹರಿಯುವಾಗ ಆ ಒಂದೇ ಜಾಗದಲ್ಲಿ 0.8 ವೋಲ್ಟ್ ಕಳೆದುಹೋಗುತ್ತದೆ. ಆಲ್ಟರ್ನೇಟರ್ ಪ್ರಾಮಾಣಿಕವಾಗಿ 14 ವೋಲ್ಟ್ ತಯಾರಿಸಿದರೂ ಬ್ಯಾಟರಿಗೆ ಮುಟ್ಟುವುದು 13.2. ಕಳೆದುಹೋದದ್ದು ಶಾಖವಾಗುತ್ತದೆ. ಅಂದರೆ ಅದೇ ಜಾಗದಲ್ಲಿ 64 ವ್ಯಾಟ್ ಬಿಸಿ, ಅದು ತುಕ್ಕನ್ನು ಇನ್ನಷ್ಟು ಬೆಳೆಸುತ್ತದೆ. ಸ್ಟಾರ್ಟ್ ಮಾಡುವಾಗ ಅದೇ ದಾರಿಯಲ್ಲಿ 150ರಿಂದ 200 ಆಂಪ್ ಹರಿಯಬೇಕು. ಆಗ ಒಂದೂವರೆಯಿಂದ ಎರಡು ವೋಲ್ಟ್ ಅಲ್ಲೇ ಕಾಣೆ. ಬಿಸಿ ಎಂಜಿನ್ನಿಗೇ ಯಾಕೆ ಈ ತೊಂದರೆ ಅಂದರೆ, ಬಿಸಿಯಾದ ತಾಮ್ರದ ಪ್ರತಿರೋಧವೇ ಹೆಚ್ಚು. ತಾಪ 60 ಡಿಗ್ರಿ ಏರಿದರೆ ಶೇ 20ಕ್ಕಿಂತ ಹೆಚ್ಚಾಗುತ್ತದೆ, ಇದು ಕೇಬಲ್ಲಿಗೂ ಅನ್ವಯ, ಸ್ಟಾರ್ಟರ್ ಮೋಟಾರಿನ ಸುರುಳಿಗೂ ಅನ್ವಯ. ಮಧ್ಯದಲ್ಲಿ ಎಂಜಿನ್ ಇರುವ ಗಾಡಿ ನಿಂತಮೇಲೆ ಗಾಳಿ ಆಡದೆ ಆ ಗೂಡಿನೊಳಗಿನ ಶಾಖ ಇನ್ನಷ್ಟು ಏರುತ್ತದೆ. ನೀವು ತಿಂಡಿ ತಿನ್ನುವ ಅರ್ಧ ಗಂಟೆ ಅಂದರೆ ಸರಿಯಾಗಿ ಅದೇ ಹೊತ್ತು.

ಎರಡು ಬ್ಯಾಟರಿ ಯಾಕೆ ಹೋದವು ಅನ್ನುವುದೂ ಇದರಲ್ಲೇ ಅಡಗಿದೆ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಅದರ ಟರ್ಮಿನಲ್‌ನಲ್ಲಿ 14ರ ಆಸುಪಾಸು ವೋಲ್ಟೇಜ್ ಗಂಟೆಗಟ್ಟಲೆ ಇರಬೇಕು. 13.1ರಲ್ಲಿ ಅದು ಎಂದೂ ತುಂಬುವುದಿಲ್ಲ, ಅರೆಹೊಟ್ಟೆಯಲ್ಲೇ ಇರುತ್ತದೆ. ಹಾಗೆ ವಾರಗಟ್ಟಲೆ ಇದ್ದರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ, ಆ ಭಾಗ ಮತ್ತೆ ಕೆಲಸಕ್ಕೆ ಬಾರದಾಗುತ್ತದೆ. ಮೂರನೇ ಬ್ಯಾಟರಿ ಹಾಕಿದರೂ ಅದಕ್ಕೂ ಇದೇ ಗತಿ. ಹೆಚ್ಚು ಆಂಪ್ ಅವರ್‌ನದು ಹಾಕಿದರೆ ಹೇಗೆ ಎಂದು ಕೇಳುವವರಿದ್ದಾರೆ. ತುಂಬಿಸುವ ದಾರಿಯೇ ಕಟ್ಟಿರುವಾಗ ಪಾತ್ರೆ ದೊಡ್ಡದು ಮಾಡಿ ಏನು ಪ್ರಯೋಜನ?

ಆದರೆ ಇದೆಲ್ಲ ನನ್ನ ಅನುಮಾನ, ತೀರ್ಪಲ್ಲ. ನೀವು ಹೇಳಿದ ಲಕ್ಷಣ ಸವೆದ ಆಲ್ಟರ್ನೇಟರ್ ಬ್ರಷ್‌ನಿಂದಲೂ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಬರಬಹುದು, ಸುಟ್ಟ ಡಯೋಡಿನಿಂದಲೂ ಬರಬಹುದು, ಸಡಿಲವಾದ ಅರ್ತಿಂಗ್‌ನಿಂದಲೂ ಬರಬಹುದು. ಬೇರ್ಪಡಿಸಿ ನೋಡಲು ಸಾಧಾರಣ ಮಲ್ಟಿಮೀಟರ್ ಸಾಕು. ನಿಮ್ಮ ಗ್ಯಾರೇಜಿನವರು ಬಹುಶಃ ಬ್ಯಾಟರಿ ಟರ್ಮಿನಲ್‌ನಲ್ಲಿ ಮಾತ್ರ ಅಳೆದು, ಕಡಿಮೆ ಬಂತು, ಆಲ್ಟರ್ನೇಟರ್ ಹೋಗಿದೆ ಅಂದಿದ್ದಾರೆ. ದಾರಿಯ ಈ ತುದಿ ಮಾತ್ರ ನೋಡಿ ಆ ತುದಿಯನ್ನು ದೂಷಿಸಿದಂತಾಯಿತು. ಎರಡೂ ತುದಿ ಅಳೆಯಬೇಕು.

ನೀವು ನಂಬಿರುವ ಎರಡು ಸಾಕ್ಷಿಗಳ ಬಗ್ಗೆಯೂ ಹೇಳಬೇಕು. ಲೈಟರ್ ಸಾಕೆಟ್ಟಿನ ಮೀಟರ್ ತೋರಿಸುವುದು ತೆಳು ವೈರು, ಫ್ಯೂಸು, ಸಡಿಲ ಸ್ಪ್ರಿಂಗ್ ಎಲ್ಲ ದಾಟಿ ಬಂದ ವೋಲ್ಟೇಜು. ಬ್ಯಾಟರಿಯಲ್ಲಿ ಇರುವುದಕ್ಕಿಂತ ಅದು ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಏರಿತೇ ಇಳಿಯಿತೇ ಎಂದು ನೋಡಲು ಅದು ಸಾಕು, ಅಳತೆಗೆ ಅಲ್ಲ. ಇನ್ನು ಡ್ಯಾಶ್‌ಬೋರ್ಡಿನ ಕೆಂಪು ಲೈಟು. ಅದು ಬ್ಯಾಟರಿ ಎಷ್ಟು ತುಂಬಿದೆ ಎಂದು ನೋಡುವುದೇ ಇಲ್ಲ, ಅದರ ಕಣ್ಣು ಆಲ್ಟರ್ನೇಟರ್ ಮೇಲೆ. ಆಲ್ಟರ್ನೇಟರ್ ಉತ್ಪಾದಿಸುತ್ತಿದ್ದರೆ ಅದು ಆರಿಯೇ ಇರುತ್ತದೆ, ತಯಾರಾದದ್ದು ಬ್ಯಾಟರಿಗೆ ಮುಟ್ಟಿತೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಹಾಗಾಗಿ ಲೈಟ್ ಹತ್ತದಿರುವುದು ನನ್ನ ಅನುಮಾನಕ್ಕೇ ಪುಷ್ಟಿ ಕೊಡುತ್ತದೆ. ಒಂದು ಸಣ್ಣ ಪರೀಕ್ಷೆ ಈಗಲೇ ಮಾಡಿ: ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಆ ಲೈಟ್ ಹತ್ತುತ್ತದೆಯೇ? ಹತ್ತದಿದ್ದರೆ ಲೈಟಿನ ಸರ್ಕ್ಯೂಟೇ ಕೆಟ್ಟಿದೆ, ಅದರ ಮೌನಕ್ಕೆ ಬೆಲೆಯಿಲ್ಲ.

ಅಳತೆಗೆ ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಡಿ. ಸುಮ್ಮನಿರುವ ಬ್ಯಾಟರಿಯಲ್ಲಿ 12.6 ಅಥವಾ ಮೇಲಿದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಖಾಲಿ. ಪೂರ್ತಿ ಚಾರ್ಜ್ ಮಾಡಿದರೂ ರಾತ್ರಿ ಕಳೆಯುವಷ್ಟರಲ್ಲಿ 12.3ಕ್ಕೆ ಬಂದರೆ ಆ ಬ್ಯಾಟರಿಯನ್ನು ನಂಬಿ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ, ಕೆಟ್ಟಿದ್ದರೆ ಆಚೆ ಇಡಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಟರ್ಮಿನಲ್‌ನಲ್ಲಿ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು. ನಿಮ್ಮ ವಿಷಯದಲ್ಲಿ ಇದೊಂದು ಒಳ್ಳೇ ಸುಳಿವು. ಬಿಸಿ ಎಂಜಿನ್ ಎಳೆದಾಡುವಾಗಲೂ ಬ್ಯಾಟರಿಯಲ್ಲಿ 11ರ ಮೇಲೆಯೇ ನಿಂತಿದ್ದರೆ, ಬ್ಯಾಟರಿ ಕೊಡಲು ಸಿದ್ಧವಿದೆ, ಸ್ಟಾರ್ಟರಿಗೆ ತಲುಪುತ್ತಿಲ್ಲ ಎಂದರ್ಥ. 9ಕ್ಕೆ ಕುಸಿದರೆ ಬ್ಯಾಟರಿಯೋ ಸ್ಟಾರ್ಟರೋ ಎಂದು ನೋಡಬೇಕಾಗುತ್ತದೆ.

ಆಮೇಲೆ ಎಂಜಿನ್ ಓಡಿಸಿ, 2000 ಆರ್‌ಪಿಎಂ ಹತ್ತಿರ ಹಿಡಿದು, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಹಾಕಿ. ಮಲ್ಟಿಮೀಟರಿನ ಕೆಂಪು ಕಡ್ಡಿ ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ. ಪ್ಲಸ್ಸಿಂದ ಪ್ಲಸ್ಸಿಗೇ. ಮೀಟರ್ ತೋರಿಸುವುದು ನೇರವಾಗಿ ದಾರಿಯಲ್ಲಿ ಕಳೆದುಹೋದ ವೋಲ್ಟೇಜನ್ನು. 0.3ರ ಒಳಗಿದ್ದರೆ ಕೇಬಲ್ ಸರಿಯಿದೆ. ಅರ್ಧ ವೋಲ್ಟ್ ದಾಟಿದರೆ ಕೇಬಲ್ಲೋ ಜಾಯಿಂಟೋ ಕೆಟ್ಟಿದೆ, ಇನ್ನು ಚರ್ಚೆ ಬೇಕಿಲ್ಲ. ಅದೇ ರೀತಿ ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್ಸಿಗೆ ಅಳೆಯಿರಿ, ಅಲ್ಲಿ 0.2 ದಾಟಬಾರದು. ದಾಟಿದರೆ ಎಂಜಿನ್ ಮತ್ತು ಬಾಡಿ ನಡುವಿನ ಅರ್ತ್ ಪಟ್ಟಿ ನೋಡಿ. ಇದು ಅಗ್ಗದ ರಿಪೇರಿ, ಹಾಗಾಗಿ ಯಾರಿಗೂ ನೆನಪಾಗುವುದಿಲ್ಲ.

ಕೇಬಲ್ಲನ್ನು ಓಮ್ ರೇಂಜಿನಲ್ಲಿ ಚೆಕ್ ಮಾಡಿದ್ದೇವೆ, ಸರಿಯಿದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾವು ಹುಡುಕುತ್ತಿರುವುದು 0.01 ಓಮ್, ಸಾಮಾನ್ಯ ಮೀಟರಿನ ಕಡ್ಡಿಗಳ ಪ್ರತಿರೋಧವೇ ಅದರ ಹತ್ತಿಪ್ಪತ್ತು ಪಟ್ಟು ಇರುತ್ತದೆ. ಇಡೀ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಕೇಬಲ್ಲಿನ ನಿಜ ಬಣ್ಣ ಗೊತ್ತಾಗುವುದು.

ಆ ದಪ್ಪ ಬೋಲ್ಟಿನ ಹತ್ತಿರ ಹೋಗುವುದು ನಿಮ್ಮ ಕಾರಿನಲ್ಲಿ ಸುಲಭವಲ್ಲ. ಸೀಟುಗಳ ಹಿಂದಿನ ಪ್ಯಾನೆಲ್ ಬಿಚ್ಚಬೇಕು, ಇಲ್ಲವೇ ಕಾರನ್ನು ಲಿಫ್ಟಿಗೆ ಹಾಕಬೇಕು. ಓಡುವ ಬೆಲ್ಟ್ ಪಕ್ಕ ಕೈಯಲ್ಲಿ ಕಡ್ಡಿ ಹಿಡಿದು ನಿಲ್ಲುವ ಸಾಹಸ ಬೇಡ. ಎಂಜಿನ್ ಆಫ್ ಇರುವಾಗ ಕ್ಲಿಪ್ ಇರುವ ಉದ್ದ ವೈರ್ ಸಿಕ್ಕಿಸಿ, ಹೊರಗೆ ಎಳೆದುಕೊಂಡು, ಬೆಲ್ಟಿಗೆ ತಾಗದ ಹಾಗೆ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಬೇಕು. ಇನ್ನೊಂದು ಮಾತು, ಆ ಬೋಲ್ಟಿಗೆ ಬ್ಯಾಟರಿಯಿಂದ ನೇರ ಸಂಪರ್ಕ, ನಡುವೆ ಸ್ವಿಚ್ಚಿಲ್ಲ. ಕೀ ತೆಗೆದಿದ್ದರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸ್ಪ್ಯಾನರ್ ಹಾಕುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಲೇಬೇಕು. ಕೈ ಪಳಗದಿದ್ದರೆ ಇದನ್ನು ಗ್ಯಾರೇಜಿಗೇ ಬಿಡಿ, ಆದರೆ ಮೀಟರ್ ತೋರಿಸುವಾಗ ಪಕ್ಕದಲ್ಲಿ ನಿಂತು ನೋಡಿ.

ಎರಡೂ ತುದಿಯಲ್ಲಿ 13.2 ಬಂದರೆ ಕೇಬಲ್ ನಿರಪರಾಧಿ, ಆಲ್ಟರ್ನೇಟರೇ ಕಡಿಮೆ ಕೊಡುತ್ತಿದೆ. ಆಗಲೂ ಇಡೀ ಆಲ್ಟರ್ನೇಟರ್ ಹೋಗಿದೆ ಅಂತಲ್ಲ. ಮೀಟರನ್ನು ಎಸಿ ವೋಲ್ಟೇಜಿಗೆ (ಇಲ್ಲಿ ಎಸಿ ಅಂದರೆ ತಂಪು ಯಂತ್ರವಲ್ಲ, ದಿಕ್ಕು ಬದಲಿಸುತ್ತ ಹರಿಯುವ ಕರೆಂಟು) ತಿರುಗಿಸಿ ಬ್ಯಾಟರಿಯಲ್ಲೇ ನೋಡಿ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಮೂರು ಫೇಸಿನ ಎಸಿ, ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಒಂದು ಡಯೋಡ್ ಹೋದರೂ ಅಲೆ ಸೋರಿ ಬರುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ಎಸಿ ಕಂಡರೆ ಡಯೋಡ್ ಮೇಲೆ ಅನುಮಾನ ಪಡಿ. ಸೋರುವ ಡಯೋಡ್ ಕಾರು ನಿಂತಿರುವಾಗ ಬ್ಯಾಟರಿಯನ್ನೂ ಹೀರುತ್ತದೆ. ಎಸಿ ಕಡಿಮೆಯೇ ಇದ್ದು ವೋಲ್ಟೇಜ್ ಒಮ್ಮೆ 14, ಒಮ್ಮೆ 12.5 ಎಂದು ಕುಣಿಯುತ್ತಿದ್ದರೆ ಸವೆದ ಬ್ರಷ್ ಇರಬಹುದು. ಬ್ರಷ್ ಬರುವುದು ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಜೊತೆಯಲ್ಲೇ, ಅದನ್ನಷ್ಟೇ ಬದಲಿಸಿದರೆ ಆಗುತ್ತದೆ. ವೋಲ್ಟೇಜ್ ಕಡಿಮೆ ಬರುವ ಬದಲು 15 ದಾಟಿ ಹೋಗುತ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ರೆಗ್ಯುಲೇಟರ್ ಹಿಡಿತ ತಪ್ಪಿದೆ. ಬ್ಯಾಟರಿ ಉಬ್ಬುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಈಗ ದುಡ್ಡಿನ ವಿಷಯ. ಕೇಬಲ್ಲೇ ಅಪರಾಧಿ ಎಂದು ತೇಲಿದರೆ ಎರಡು ದಾರಿ. ಕಂಪನಿಯ ಕೇಬಲ್ ತರಿಸುವುದು ಮೊದಲನೆಯದು. ಬರಲು ಸಮಯ ಹಿಡಿಯುತ್ತದೆ, ಕೂಲಿ ಹೆಚ್ಚಾಗುತ್ತದೆ, ಆದರೆ ಉದ್ದ, ತಿರುವು, ಶಾಖ ತಡೆಯುವ ಕವಚ ಎಲ್ಲ ಅಳತೆಗೆ ಸರಿಯಾಗಿ ಬರುತ್ತದೆ. ಎರಡನೆಯದು ಇಲ್ಲೇ ಮಾಡಿಸುವುದು. ಜೆ.ಸಿ. ರಸ್ತೆಯಲ್ಲಿ ಕೇಬಲ್ಲೂ ಲಗ್ಗೂ ಎಲ್ಲ ಸಿಗುತ್ತದೆ, ಕೈಕೆಲಸ ಬಲ್ಲವರೂ ಇದ್ದಾರೆ. ಎಚ್ಚರ ವಹಿಸಬೇಕಾದದ್ದು ಮೂರು ಕಡೆ. ದೊಡ್ಡ ಆಂಪ್ಲಿಫೈಯರ್‌ಗೆಂದು ಮಾರುವ ದಪ್ಪ ಕೇಬಲ್‌ಗಳಲ್ಲಿ ಎಷ್ಟೋ ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಎಳೆಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬೆಳ್ಳಿ ಬಣ್ಣ ಕಾಣುತ್ತದೆ. ಅದು ಬೇಡ. ಆದರೆ ತವರ ಲೇಪಿಸಿದ ಒಳ್ಳೇ ತಾಮ್ರ ಹೊರಗಿನಿಂದ ಬೆಳ್ಳಗೆ, ಕೆರೆದರೆ ಒಳಗೆ ಕೆಂಪು. ಅದು ಸಿಕ್ಕರೆ ಬರೀ ತಾಮ್ರಕ್ಕಿಂತ ಮೇಲು. ಲಗ್ಗನ್ನು ಸುತ್ತಿಗೆಯಲ್ಲಿ ಬಡಿದೋ ಬರೀ ಬೆಸುಗೆ ಹಾಕಿಯೋ ಕೂರಿಸಬಾರದು, ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಬೇಕು, ಅದರ ಮೇಲೆ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಬೇಕು. ಮೂರನೆಯದೇ ಮುಖ್ಯ: ಕೇಬಲ್ ಎಕ್ಸಾಸ್ಟ್ ಪೈಪಿಗೆ ತಾಗದ ಹಾಗೆ ಹಳೇ ಕೇಬಲ್ಲಿನ ದಾರಿಯಲ್ಲೇ ಕ್ಲಿಪ್ ಹಾಕಿ ಹೋಗಬೇಕು. ಫ್ಯೂಸಿಲ್ಲದ ಪ್ಲಸ್ ಕೇಬಲ್ ಕವಚ ಕರಗಿ ಬಾಡಿಗೆ ತಗುಲಿದರೆ ಕಾರಿಗೇ ಬೆಂಕಿ. ಈ ಮೂರನ್ನು ಮಾಡಿ ತೋರಿಸುತ್ತೇನೆ ಅನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಇಲ್ಲಿಯ ಕೇಬಲ್ ಕಂಪನಿಯದಕ್ಕೆ ಕಡಿಮೆಯಿಲ್ಲ. ಸಿಗದಿದ್ದರೆ ಕಾಯಿರಿ, ಕಂಪನಿಯದೇ ತರಿಸಿ.

ಆಲ್ಟರ್ನೇಟರೇ ಕೆಟ್ಟಿದ್ದರೆ ನಾನು ಹೊಸದರ ಮಾತು ಕೊನೆಗೆ ಎತ್ತುತ್ತೇನೆ. ಕಲಾಸಿಪಾಳ್ಯ, ಜೆ.ಸಿ. ರಸ್ತೆ ಕಡೆಯ ರಿಪೇರಿಯವರನ್ನು ಕೀಳಾಗಿ ನೋಡುವವರಲ್ಲಿ ನಾನಿಲ್ಲ. ಬೇರಿಂಗ್, ರೆಗ್ಯುಲೇಟರ್, ಡಯೋಡ್ ಪ್ಲೇಟ್ ಬದಲಿಸುವ ಕೆಲಸ ಅವರಿಗೆ ನೀರು ಕುಡಿದಷ್ಟು ಸಲೀಸು. ಎಡವುವುದು ಬಿಡಿಭಾಗದಲ್ಲಿ. ಕಡಿಮೆ ಆಂಪಿನ ಡಯೋಡ್ ಹಾಕಿದರೆ ಬೆಂಚಿನ ಮೇಲೆ 14.2 ತೋರಿಸುತ್ತದೆ, ಔಟರ್ ರಿಂಗ್ ರಸ್ತೆಯ ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ಒಂದು ಗಂಟೆ ನಿಂತಾಗ ಸುಟ್ಟುಹೋಗುತ್ತದೆ. ಹಾಗಾಗಿ ಖಾಲಿ ವೋಲ್ಟೇಜ್ ಅಲ್ಲ, ಲೋಡ್ ಹಾಕಿ ಎಷ್ಟು ಆಂಪ್ ಕೊಡುತ್ತದೆ ಎಂದು ತೋರಿಸಲು ಕೇಳಿ. ಆಲ್ಟರ್ನೇಟರ್ ಮೇಲಿನ ಲೇಬಲ್ಲಿನಲ್ಲಿ ಬರೆದ ಆಂಪಿನ ಹತ್ತಿರ ಹೋಗಬೇಕು. ಬ್ರಷ್ ಉಜ್ಜುವ ಸ್ಲಿಪ್ ರಿಂಗ್ ಆಳವಾಗಿ ಸವೆದಿದ್ದರೆ ಅಥವಾ ಸುರುಳಿ ಸುಟ್ಟ ವಾಸನೆ ಬಂದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಆಗ ಹೊಸದೋ, ನಂಬಿಕಸ್ಥರಿಂದ ರೀಕಂಡಿಷನ್ ಮಾಡಿದ್ದೋ ಹಾಕಿಸಿ. ಶಿವಾಜಿನಗರದ ಗುಜರಿಯಲ್ಲಿ ಹಳೇದು ಸಿಕ್ಕರೂ ಅದು ಎಷ್ಟು ವರ್ಷ ಬಿಸಿಯಲ್ಲಿ ಬೆಂದಿದೆಯೋ ಹೇಳಲಾಗದು. ನಾನಂತೂ ತೆಗೆದುಕೊಳ್ಳುವುದಿಲ್ಲ, ಬಿಚ್ಚಿ ಹಾಕುವ ಕೂಲಿ ಎರಡು ಸಲ ಕೊಡಬೇಕಾದೀತು.

ಬೆಲ್ಟ್ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಎಂಜಿನ್ನಿನಲ್ಲಿ ಆಲ್ಟರ್ನೇಟರ್, ವಾಟರ್ ಪಂಪ್, ಪವರ್ ಸ್ಟಿಯರಿಂಗ್ ಪಂಪ್, ಎಸಿ ಕಂಪ್ರೆಸರ್ ನಾಲ್ಕನ್ನೂ ತಿರುಗಿಸುವುದು ಒಂದೇ ಬೆಲ್ಟು. ಓಡಿಸುವಾಗ ಬ್ಯಾಟರಿ ಲೈಟ್ ಹತ್ತಿ, ಅದೇ ಹೊತ್ತಿಗೆ ಸ್ಟಿಯರಿಂಗ್ ಭಾರವಾದರೆ ಬೆಲ್ಟ್ ಹೋಗಿದೆ. ಬಳ್ಳಾರಿ ರಸ್ತೆಯಲ್ಲೇ ಇರಲಿ, ಎಲ್ಲೇ ಇರಲಿ, ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಮುಂದಿನ ಗ್ಯಾರೇಜಿನವರೆಗೆ ಹೋಗಿಬಿಡೋಣ ಅಂದರೆ ನೀರು ತಿರುಗದೆ ಎಂಜಿನ್ನೇ ಸೀಯುತ್ತದೆ. ಬರೀ ಬ್ಯಾಟರಿ ಲೈಟ್ ಹತ್ತಿ, ಸ್ಟಿಯರಿಂಗ್ ಹಗುರವಾಗಿಯೇ ಇದ್ದು, ಟೆಂಪರೇಚರ್ ಮುಳ್ಳೂ ಏರದಿದ್ದರೆ ಎಸಿ, ಆಡಿಯೋ ಆರಿಸಿ, ಎಂಜಿನ್ ನಿಲ್ಲಿಸದೆ ಹತ್ತಿರದ ಸುರಕ್ಷಿತ ಜಾಗ ಸೇರಬಹುದು.

ಇನ್ನು ನೀವು ಕೇಳದ ಒಂದು ಸಂಗತಿ, ನಿಮ್ಮ ಬಳಕೆಯ ರೀತಿ. ವಾರಕ್ಕೊಮ್ಮೆ ಓಡುವ ಕಾರಿಗೆ ಚಾರ್ಜಿಂಗ್ ಸರಿಯಿದ್ದರೂ ಬ್ಯಾಟರಿ ಸೊರಗುತ್ತದೆ. ನಿದ್ದೆಗೆ ಜಾರಿದ ಮೇಲೂ ಕಾರು ಸ್ವಲ್ಪ ಕರೆಂಟ್ ಎಳೆಯುತ್ತದೆ, 50 ಮಿಲಿ ಆಂಪ್ ಒಳಗಿದ್ದರೆ ಪರವಾಗಿಲ್ಲ, ದಿನಕ್ಕೆ 1.2 ಆಂಪ್ ಅವರ್ ಆಯಿತು. ಅದೇ 300 ಆದರೆ ದಿನಕ್ಕೆ 7.2, ಅಂದರೆ 60 ಆಂಪ್ ಅವರ್ ಬ್ಯಾಟರಿ ನಾಲ್ಕು ದಿನಕ್ಕೆ ಅರ್ಧ. ಹಳೇ ಮಾಲೀಕರು ಹಾಕಿಸಿದ ಜಿಪಿಎಸ್ ಟ್ರ್ಯಾಕರು, ಪಾರ್ಕಿಂಗ್ ಮೋಡಿನಲ್ಲಿ ನಿಂತಲ್ಲೇ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮು, ಹೊರಗಿನ ಆಂಪ್ಲಿಫೈಯರು ಇದ್ದರೆ ಮೊದಲು ಅವನ್ನು ನೋಡಿ. ಫಾಸ್ಟ್ಯಾಗ್ ಬ್ಯಾಟರಿ ತಿನ್ನುತ್ತದಾ ಎಂದೂ ಕೇಳುತ್ತಾರೆ, ಇಲ್ಲ, ಅದಕ್ಕೂ ಕಾರಿನ ವೈರಿಂಗಿಗೂ ಸಂಬಂಧವೇ ಇಲ್ಲ. ಕೀಯನ್ನು ಇಗ್ನಿಷನ್‌ನಲ್ಲೇ ಬಿಟ್ಟು ಹೋಗುವ ಅಭ್ಯಾಸವಿದ್ದರೆ ಬಿಡಿ, ಕಾರು ಪೂರ್ತಿ ನಿದ್ದೆಗೆ ಹೋಗುವುದಿಲ್ಲ. ಬೆಂಗಳೂರಿನ ಸಾಲುಮರದ ಕೆಳಗೆ ನಿಲ್ಲಿಸುವ ಕನ್ವರ್ಟಿಬಲ್‌ಗಳಿಗೆ ಇನ್ನೊಂದು ಕಾಟ ಇದೆ: ಎಲೆ, ಹೂವು ಉದುರಿ ಮೇಲ್ಛಾವಣಿ ಮಡಿಚುವ ಜಾಗದ ನೀರು ಹೋಗುವ ತೂತು ಮುಚ್ಚಿ, ಮಳೆನೀರು ಕಾರಿನೊಳಕ್ಕೆ ಇಳಿಯುತ್ತದೆ. ಹಳೆಯ 986ರಲ್ಲಿ ಅಲಾರಂ, ಇಮೊಬಿಲೈಸರ್ (ಕಳ್ಳತನ ತಡೆಯುವ) ಮಾಡ್ಯೂಲ್ ಸೀಟಿನ ಕೆಳಗೇ ಇದ್ದು, ಒದ್ದೆಯಾದರೆ ಕಾರು ಚಿತ್ರವಿಚಿತ್ರವಾಗಿ ಆಡುತ್ತಿತ್ತು. ನಿಮ್ಮದರಲ್ಲೂ ಮಳೆಗಾಲಕ್ಕೆ ಮೊದಲು ಆ ತೂತುಗಳ ಕಸ ತೆಗೆಸಿ.

ವಾರದ ಮಧ್ಯೆ ಕೆಳಗೆ ಹೋಗಿ ಹತ್ತು ನಿಮಿಷ ಎಂಜಿನ್ ಓಡಿಸಿ ಬರುವುದು ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ. ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಸಾಮರ್ಥ್ಯದ ಹತ್ತಿರವೂ ಹೋಗುವುದಿಲ್ಲ, ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗದೆ ತೇವ ಒಳಗೇ ಉಳಿಯುತ್ತದೆ. ಬ್ಯಾಟರಿಗೂ ಲಾಭವಿಲ್ಲ, ಎಂಜಿನ್ನಿಗೂ ಇಲ್ಲ. ಓಡಿಸುವುದಾದರೆ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ಅದಕ್ಕಿಂತ ಒಳ್ಳೆಯದು ಬ್ಯಾಟರಿ ಮೇಂಟೇನರ್, ತುಂಬಿದ ಮೇಲೆ ತಾನೇ ಕರೆಂಟ್ ಇಳಿಸಿಕೊಳ್ಳುವ ಸಣ್ಣ ಚಾರ್ಜರ್. ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಅಸೋಸಿಯೇಷನ್ ಜೊತೆ ಮಾತಾಡಿ. ಎಲೆಕ್ಟ್ರಿಕ್ ಕಾರಿನವರಿಗೆ ಪಾಯಿಂಟ್ ಕೊಡುತ್ತಿರುವ ಈ ಕಾಲದಲ್ಲಿ ಒಂದು ಬಲ್ಬಿನಷ್ಟು ಕರೆಂಟಿಗೆ ಅವರು ತಕರಾರು ತೆಗೆಯಲಿಕ್ಕಿಲ್ಲ, ಸಬ್ ಮೀಟರ್ ಕೇಳಬಹುದು ಅಷ್ಟೇ.

ಈ ಅಂಕಿಗಳನ್ನು ಎಲ್ಲ ಕಾರಿಗೂ ಅನ್ವಯಿಸಬೇಡಿ. ಈಚಿನ ಬಿಎಂಡಬ್ಲ್ಯುನಂಥ ಕಾರುಗಳಲ್ಲಿ ಬ್ಯಾಟರಿ ಮೈನಸ್ಸಿನಲ್ಲಿ ಸೆನ್ಸರ್ ಇದ್ದು, ಚಾರ್ಜಿಂಗನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ. ಅಲ್ಲಿ ಓಡುವಾಗ 12.8 ಕಂಡರೂ ದೋಷವಲ್ಲ. ಬ್ಯಾಟರಿ ಬದಲಿಸಿದರೆ ಸ್ಕ್ಯಾನರ್ ಹಾಕಿ ಕಾರಿಗೆ ತಿಳಿಸಲೂ ಬೇಕು.

ಕೊನೆಯದಾಗಿ ಬ್ಯಾಟರಿ ಬಿಚ್ಚುವ ದಿನದ ಬಗ್ಗೆ. ನಿಮ್ಮ ಕಾರಿನ ಮುಂದಿನ ಡಿಕ್ಕಿಯ ಲಾಕ್ ತೆರೆಯುವುದು ಕರೆಂಟಿನಿಂದ, ಬ್ಯಾಟರಿ ಇರುವುದು ಅದೇ ಡಿಕ್ಕಿಯೊಳಗೆ. ಬ್ಯಾಟರಿ ಬಿಚ್ಚಿರುವಾಗ ಮುಚ್ಚಳ ಮುಚ್ಚಿದಿರೋ, ಹೊರಗೇ ಉಳಿದಿರಿ. ಒಂದು ಬಟ್ಟೆ ಲಾಚಿನ ಮೇಲೆ ಹಾಕಿಡಿ, ಗ್ಯಾರೇಜಿನ ಹುಡುಗರು ಅಭ್ಯಾಸಬಲದಿಂದ ಮುಚ್ಚಿಬಿಡುತ್ತಾರೆ. ಹಾಗೂ ಸಿಕ್ಕಿಬಿದ್ದರೆ ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸಿನಲ್ಲಿ ಹೊರಕ್ಕೆ ಎಳೆಯಬಹುದಾದ ಕೆಂಪು ಕೊಂಡಿ ಇದೆ. ಬೇರೆ 12 ವೋಲ್ಟ್ ಬ್ಯಾಟರಿಯ ಪ್ಲಸ್ ಅದಕ್ಕೆ, ಮೈನಸ್ ಬಾಗಿಲಿನ ಲಾಕ್ ಕೂರುವ ಲೋಹದ ಕೊಂಡಿಗೆ ಕೊಟ್ಟು ರಿಮೋಟ್ ಒತ್ತಿದರೆ ತೆರೆಯುತ್ತದೆ. ಅಷ್ಟಕ್ಕೇ ಅದು, ಎಂಜಿನ್ ಜಂಪ್ ಸ್ಟಾರ್ಟ್ ಅಲ್ಲಿಂದ ಮಾಡಬಾರದು. ಲಾರಿಯವರ ಬ್ಯಾಟರಿಯಿಂದ ಅಂತೂ ಎಲ್ಲಿಂದಲೂ ಬೇಡ, ಅಲ್ಲಿರುವುದು 24 ವೋಲ್ಟ್. ಬ್ಯಾಟರಿ ಮತ್ತೆ ಕೂರಿಸುವಾಗ ಅದರ ಮೈಗೆ ಸೇರಿರುವ ಗ್ಯಾಸ್ ಕೊಳವೆ ಸಿಕ್ಕಿಸಲು ಮರೆಯಬಾರದು, ಮರೆತರೆ ಚಾರ್ಜ್ ಆಗುವಾಗ ಹುಟ್ಟುವ ಹೈಡ್ರೋಜನ್ ಡಿಕ್ಕಿಯೊಳಗೆ ತುಂಬುತ್ತದೆ. ಕಿಟಕಿ ಗಾಜು ಬಾಗಿಲು ತೆಗೆದಾಗ ಸ್ವಲ್ಪ ಕೆಳಗಿಳಿಯುವುದನ್ನು ಮರೆತಿರುತ್ತದೆ, ಸ್ವಿಚ್ ಹಿಡಿದು ಪೂರ್ತಿ ಮೇಲೇರಿಸಿ ಮತ್ತೆ ಕಲಿಸಬೇಕು.

ಅಳೆಸಿದ ಮೇಲೆ ಈ ಅಂಕಿಗಳನ್ನು ಬರೆದು ಕಳಿಸಿ: ರಾತ್ರಿ ಬಿಟ್ಟ ಬ್ಯಾಟರಿಯ ವೋಲ್ಟೇಜು, ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಅದು ಇಳಿದ ಮಟ್ಟ, ಲೋಡ್ ಹಾಕಿ ಆಲ್ಟರ್ನೇಟರ್ ಬೋಲ್ಟಿನಲ್ಲಿ ಮತ್ತು ಬ್ಯಾಟರಿಯಲ್ಲಿ ಬಂದದ್ದು, ಎಸಿ ರೇಂಜಿನಲ್ಲಿ ಕಂಡದ್ದು. ಲಕ್ಷದ ಎಸ್ಟಿಮೇಟಿಗೆ ಅಲ್ಲಿಯವರೆಗೆ ಹೂಂ ಅನ್ನಬೇಡಿ.